ನೀರು ಮುಟ್ಟಿಸದ ಅಂಗಿ

ಬಟ್ಟೆ ಒಗೆದು ಇಸ್ತ್ರಿ ಮಾಡುವ ದೊಡ್ಡಮ್ಮನ ಕಣ್ಣಿಗೆ ಬಿದ್ದ ಕಲೆ ಉಳಿದದ್ದಿಲ್ಲ. ಬಿಟ್ಟರೆ ಬೀದಿಯವರ ಮೈಮೇಲಿನ ಬಟ್ಟೆಯನ್ನೂ ಬಿಚ್ಚಿಸಿ ಒಗೆದಾಳು. ತೀರಿಕೊಂಡ ಗಂಡನ ಒಂದು ಅಂಗಿಗೆ ಮಾತ್ರ ನೀರು ಮುಟ್ಟಿಸಿಲ್ಲ. ಅವನು ಸಾಕಿದ್ದ ಗಿನಿಪಿಗ್‌ನ ಕಣ್ಣಿಗೆ ಒಣಹುಲ್ಲಿನ ಕಡ್ಡಿ ಚುಚ್ಚಿ ಗಾಯವಾಗಿದೆ. ಹನಿಮದ್ದು ಹಾಕಹೋದರೆ ಯಾರ ಕೈಗೂ ಸಿಗದ ಪ್ರಾಣಿ, ಆ ಅಂಗಿಯಲ್ಲಿ ಸುತ್ತಿದರೆ ಯಜಮಾನನ ಮೈವಾಸನೆಗೆ ಮೆತ್ತಗಾಗುತ್ತದೆ. “ನಿಮ್ಮಪ್ಪನ ಥರಾನೇ, ಔಷಧಿ ಅಂದ್ರೆ ರಂಪ” ಎಂದು ಮಗಳಿಗೆ ಹೇಳುತ್ತಾಳೆ. “ಅಂಗಿ ನಾರ್ತಿದೆ ಅಮ್ಮ, ಒಗೀಲಾ?” “ಮುಟ್ಟಿದ್ರೆ ಕೈ ಮುರೀತೀನಿ.” ಈ ಬೆಳಿಗ್ಗೆ ಅಂಗಿಯೊಳಗೂ ಅದು ಕೊಸರಾಡಿ ಕಿರುಚಿತು. ಹೇಗೋ ಹನಿ ಹಾಕಿ, ದೊಡ್ಡಮ್ಮ ಅಂಗಿಯ ಕಾಲರನ್ನು ಮೂಗಿಗೆ ಹಿಡಿದಳು. ದಿನಾ ಸೋರಿದ ಔಷಧಿಯದೇ ವಾಸನೆ. “ನಲ್ಲಿ ಬಿಡು” ಎಂದು ಮಗಳಿಗೆ ಹೇಳಿ, ಅಂಗಿಯನ್ನು ತಾನೇ ಬಕೆಟ್ಟಿಗೆ ಹಾಕಿದಳು.