ನಾಲ್ಕು ಬೆರಳು ಬಟ್ಟೆ

ಮೆಟ್ಟಿಲ ಕೆಳಗಿನ ಆ ಪುಟ್ಟ ಕೋಣೆಯಲ್ಲಿ ಹೊಲಿಗೆ ಮಷೀನಿಗಿಂತ ಅಕ್ಕನ ಬಾಯಿಯೇ ಜೋರಾಗಿತ್ತು ಎಂದು ನೆನೆದು ತಂಗಿ ಈಗಲೂ ನಗುತ್ತಾಳೆ. ಬೀದಿಯ ಮಕ್ಕಳ ಬಟ್ಟೆಯನ್ನೆಲ್ಲ ಹೊಲಿಯುತ್ತಿದ್ದವಳು ಅಕ್ಕ, ಪಕ್ಕದಲ್ಲಿ ಕೂತು ಗುಂಡಿ ಹಾಕುತ್ತಿದ್ದವಳು ಇವಳು. ದಾರ ತುಂಡಾದರೆ ಸಾಕು, ಅಕ್ಕ ಗೋಡೆಯ ಶಿಲುಬೆಗೆ ಕತ್ತರಿ ತೋರಿಸಿ, "ಯೇಸಪ್ಪಾ, ಇದು ಐದನೇ ಸಲ, ನೋಡ್ತಾ ಇದ್ದೀಯ ತಾನೇ?" ಎಂದು ದಬಾಯಿಸುತ್ತಿದ್ದಳು. ಕರೆಂಟು ಹೋದರೆ ಅವನಿಗೇ ಬೈಗುಳ, ಬಂದರೆ "ಬದುಕಿದೆ ಸ್ವಾಮಿ" ಎಂದು ಅವನಿಗೇ ಕೈಮುಗಿಯುವುದು. ಭಾನುವಾರದ ಆರಾಧನೆಯಲ್ಲಿ ಮುಂದಿನ ಸಾಲಿನವರ ಕಾಲರು ಸೊಟ್ಟಗಿದ್ದರೆ, ಆಮೇನ್ ಹೇಳುವಷ್ಟರಲ್ಲಿ ಕೈ ಚಾಚಿ ಸರಿಮಾಡಿಬಿಟ್ಟಿರುತ್ತಿದ್ದಳು. ಇನ್ನು ಅವಳದೊಂದು ಹಟ: ಯಾವ ಮಗುವಿನ ಫ್ರಾಕಾದರೂ ಸರಿ, ಕೆಳಗಿನ ಅಂಚಿನೊಳಗೆ ನಾಲ್ಕು ಬೆರಳಷ್ಟು ಬಟ್ಟೆ ಮಡಿಚಿ ಬಿಡಲೇಬೇಕು. "ಮಕ್ಕಳು ಬೆಳೀತಾರೆ ಕಣೇ, ಬೆಳೆದಾಗ ಬಿಚ್ಚಿ ಉದ್ದ ಮಾಡ್ಕೊಳ್ಳಲಿ" ಎನ್ನುತ್ತಿದ್ದಳು. ಅಕ್ಕನ ಒಬ್ಬಳೇ ಮಗಳು ಏಳನೇ ವರ್ಷಕ್ಕೆ ಜ್ವರದಲ್ಲಿ ತೀರಿಕೊಂಡಾಗ, ಮಣ್ಣು ಮಾಡುವ ಮುಂಚೆ ತೊಡಿಸಲು ಬಿಳೀ ಫ್ರಾಕನ್ನು ಅಕ್ಕನೇ ಹೊಲಿದಳು. ಅವತ್ತು ಕೋಣೆಯಲ್ಲಿ ಮಷೀನಿನದೊಂದೇ ಸದ್ದು, ಶಿಲುಬೆಗೆ ಒಂದು ಬೈಗುಳವೂ ಇಲ್ಲ. ಗುಂಡಿ ಹಾಕಲು ಎತ್ತಿಕೊಂಡ ತಂಗಿಯ ಕೈಗೆ ಅಂಚು ದಪ್ಪಗೆ ತಗುಲಿತು. ತಿರುಗಿಸಿ ನೋಡಿದರೆ, ಒಳಗೆ ಎಂದಿನಂತೆ ನಾಲ್ಕು ಬೆರಳು ಬಟ್ಟೆ. ಇವಳು ತಲೆಯೆತ್ತುವಷ್ಟರಲ್ಲಿ ಅಕ್ಕ ಗೋಡೆಯ ಶಿಲುಬೆಯತ್ತ ತಿರುಗಿದ್ದಳು. "ಬೆಳೆದಾಗ ಬಿಚ್ಚಿ ಕೊಡು," ಎಂದಳು, "ಮರೀಬೇಡ."