ಮಾಸ್ತರರು ಬರೆಯದೆ ಬಿಟ್ಟ ಕಣ್ಣು

೧೯೪೬, ಫೆಬ್ರುವರಿ ೩, ರವಿವಾರ. ಮುಂಜಾನೆ ಎಂಟಕ್ಕೆ ಈ ಮಾಸಿಕಕ್ಕೆಂದು ಬರೆಯಲು ಕುಳಿತೆ. ಮಾಸ್ತರರು ಕುಂಚ ಹಿಡಿಯುತ್ತಿದ್ದುದೂ ಈ ಹೊತ್ತಿಗೇ.

ಅವರ ಎಡಗೈ ಹೆಬ್ಬೆರಳಿನ ಉಗುರು ಎಂದೂ ಉಗುರಿನ ಬಣ್ಣದಲ್ಲಿ ಇರುತ್ತಿರಲಿಲ್ಲ. ಒಂದು ದಿನ ಗೋದಿಯ ಬಣ್ಣ, ಒಂದು ದಿನ ಹುಣಸೆಹಣ್ಣಿನದು. ಹಲಗೆಯ ಮೇಲೆ ಕಲಸಿದ ಬಣ್ಣವನ್ನು ಮೊದಲು ಆ ಉಗುರಿಗೆ ಹಚ್ಚಿ, ಎದುರು ಕೂತವರ ಗಲ್ಲದ ಹತ್ತಿರ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುವರು. ಉಗುರು ಯಾವುದು, ಗಲ್ಲ ಯಾವುದು ಎಂದು ತಿಳಿಯದಂತಾದರೆ ಮಾತ್ರ ಆ ಬಣ್ಣ ಕ್ಯಾನ್ವಾಸಿಗೆ. ಇಲ್ಲವಾದರೆ ಒರೆಸಿ ಮತ್ತೆ ಕಲಸುವುದು.

ನಮ್ಮೂರ ಕಮರಿಪೇಟೆಯ ಒಂದು ಮಾಳಿಗೆ ಕೋಣೆಯಲ್ಲಿ ಒಬ್ಬರೇ ಇದ್ದರು. ಶಾಲೆಯಲ್ಲಿ ಚಿತ್ರ ಕಲಿಸುತ್ತಿದ್ದರು, ಆದ್ದರಿಂದ ಎಲ್ಲರಿಗೂ ಮಾಸ್ತರರು. ತೀರಿಹೋದವರ ಫೋಟೊ ತಂದು ದೊಡ್ಡ ಚಿತ್ರ ಮಾಡಿಕೊಡಿ ಎಂದರೆ ಒಪ್ಪುತ್ತಿರಲಿಲ್ಲ. “ಇದ್ದಾಗ ಕರೀರಿ, ಬರತೇನಿ” ಅನ್ನುವರು. ಇದ್ದಾಗ ಬರೆಸಿಕೊಂಡರೆ ಆಯುಷ್ಯ ಕಡಿಮೆಯಾಗುತ್ತದೆಂಬ ಅಂಜಿಕೆ ನಮ್ಮ ಕಡೆ ಬಹಳ. ಹೀಗಾಗಿ ಅವರನ್ನು ಕರೆಯುವವರು ಕಡಿಮೆ.

ನಮ್ಮ ಅಜ್ಜಿಗೆ ಆ ಅಂಜಿಕೆ ಇರಲಿಲ್ಲ. “ಎಂಬತ್ತಕ್ಕ ಬಂದೇನಿ, ಇನ್ನೇನು ಕಡಿಮಿ ಆಗತೈತಿ? ಬರೀಲಿ ಬಿಡು” ಅಂದಳು. ಅವಳದೊಂದು ಫೋಟೊ ಕೂಡ ಮನೆಯಲ್ಲಿರಲಿಲ್ಲ. ೧೯೪೩ರ ಚಳಿಗಾಲದಲ್ಲಿ ಅಪ್ಪ ಮಾಸ್ತರರನ್ನು ಕರೆಸಿದರು.

ಬಡಗಣ ಕಿಟಕಿಯ ಪಕ್ಕದಲ್ಲಿ ಕೂತು ಅಜ್ಜಿ ದೀಪಕ್ಕೆ ಬತ್ತಿ ಹೊಸೆಯುವಳು. ಕೈ ಸುಮ್ಮನಿದ್ದರೆ ಮುಖ ಬೇರೆಯಾಗುತ್ತದೆಂದು ಮಾಸ್ತರರೇ ಆ ಕೆಲಸ ಹೇಳಿದ್ದರು. ಕಾಲೇಜಿಗೆ ಹೋಗುವ ಮೊದಲು ನಾನೂ ಅಲ್ಲಿ ಕೂಡುತ್ತಿದ್ದೆ. ಮೊದಲ ವಾರವೆಲ್ಲ ಬರೀ ನೆರಳು ಬರೆದರು: ಮೂಗಿನ ಕೆಳಗಿನದು, ಸೆರಗಿನ ಒಳಗಿನದು.

“ಏನ್ರಿ ಮಾಸ್ತರ, ವಾರ ಆತು, ಇನ್ನೂ ಮೂಗಿನ ಬುಡಕ ಅದೀರಿ. ನನ್ನ ಮಾರಿ ಅಷ್ಟು ಉದ್ದ ಐತೇನು?” ಅಂದಳು ಅಜ್ಜಿ.

“ಉದ್ದ ಅಲ್ರಿ ಅವ್ವಾರ, ಆಳ ಐತಿ.”

“ನನ್ನ ಬಣ್ಣೆಲ್ಲ ನಿಮ್ಮ ಉಗುರಿಗೇ ಹೋತು. ನನಗೂ ಒಂದೀಟು ಉಳಸ್ರಿ.”

ಸಣ್ಣವಳಿದ್ದಾಗ ಸಿಡುಬು ಬಂದು ಅಜ್ಜಿಯ ಗಲ್ಲದ ತುಂಬ ಕುಳಿಗಳು ಉಳಿದಿದ್ದವು. ಅವನ್ನು ಹೇಗೆ ಬರೆಯುತ್ತೀರಿ ಎಂದು ಕೇಳಿದೆ.

“ಕುಣಿ ಬರಿಯೂದಿಲ್ಲಪಾ. ಕುಣಿ ಅಂಚಿನ್ಯಾಗ ನಿಂತ ಬೆಳಕು ಬರಿಯೂದು. ಗೊತ್ತಿದ್ದದ್ದು ಬಿಡು, ಕಂಡದ್ದು ಹಿಡಿ.”

ಆ ಮಾತು ನನ್ನ ದಿನಚರಿಯಲ್ಲಿದೆ. ಅಂದಿನಿಂದ ಅಜ್ಜಿಯ ಗಲ್ಲ ನನಗೂ ಬೇರೆಯಾಗಿ ಕಂಡಿತು. ಒಂದೊಂದು ಕುಳಿಯ ಅಂಚಿನಲ್ಲೂ ಒಂದಿಷ್ಟು ಕಿಟಕಿ ಇತ್ತು.

ಚಿತ್ರ ಮುಗಿಯಲು ಕಣ್ಣಿನ ಹೊಳಪಷ್ಟೇ ಬಾಕಿ. ಅದನ್ನು ಅವರು ಯಾವಾಗಲೂ ಕೊನೆಗೆ ಇಡುತ್ತಿದ್ದರು. ಅಂದು ಅಪ್ಪ ಬಂದು ನೋಡಿದರು.

“ಎಲ್ಲಾ ಛಲೋ ಐತ್ರಿ. ಗಲ್ಲದ ಮ್ಯಾಲಿನ ಈ ಕಲಿ ಅಷ್ಟು ತಗೀರಿ. ಮನಿಗೆ ಬೀಗರು ಬರತಾರ.”

ಅಪ್ಪನದು ಅರಳೆ ವ್ಯಾಪಾರ. ಮಾಸ್ತರರು ಅದನ್ನೇ ಹಿಡಿದರು. “ಅಂಗಡ್ಯಾಗ ನೀವು ಅರಳಿ ಇದ್ದಂಗ ತೋರಸ್ತೀರಿ. ನಂದೂ ಅದ ಕಸಬು.”

“ಅರಳಿ ಬ್ಯಾರೆ, ಹಡದವ್ವ ಬ್ಯಾರೆ.”

ಅಜ್ಜಿ ಬತ್ತಿ ಕೆಳಗಿಟ್ಟು ಎದ್ದು ಬಂದಳು. ಚಿತ್ರದ ಎದುರು ಬಗ್ಗಿ ನೋಡಿದಳು. “ನಮ್ಮವ್ವನ ಹಂಗ ಕಾಣಾಕತ್ತೇನಲ್ಲೋ” ಅಂದಳು. ಅಪ್ಪ ಮತ್ತೆ ಗಲ್ಲದ ಕಲೆಗೇ ಬೆರಳು ತೋರಿಸಿದರು.

ಮಾಸ್ತರರು ಹಸಿ ಕ್ಯಾನ್ವಾಸನ್ನು ಜೋಪಾನವಾಗಿ ಎತ್ತಿಕೊಂಡರು. “ನಿಮ್ಮ ಮನಸ್ಸಿಗೆ ಬಂದಾಗ ಹೇಳಿ ಕಳಸ್ರಿ. ಅವ್ವಾರನ್ನ ನೋಡಿ ಒಂದು ಮುಂಜಾನ್ಯಾಗ ಮುಗಸ್ತೇನಿ.”

ಅಜ್ಜಿ ಕೆಲವು ತಿಂಗಳು ಅದೇ ಕಿಟಕಿಯ ಪಕ್ಕ ಬತ್ತಿ ಹೊಸೆದಳು. “ಮಾಸ್ತರ ಬರಲಿಲ್ಲೇನು?” ಎಂದು ಕೇಳುವಳು. ಕರೆಸುವ ಮಾತು ಮನೆಯಲ್ಲಿ ಯಾರೂ ಎತ್ತಲಿಲ್ಲ. ಶ್ರಾವಣದಲ್ಲಿ ಎರಡು ದಿನದ ಜ್ವರಕ್ಕೆ ತೀರಿಕೊಂಡಳು.

ಸೂತಕದ ದಿನಗಳು ಮುಗಿದ ಮೇಲೆ ಅಪ್ಪ ನನ್ನನ್ನು ಕರೆದುಕೊಂಡು ಕಮರಿಪೇಟೆಯ ಮಾಳಿಗೆ ಹತ್ತಿದರು. ಕ್ಯಾನ್ವಾಸು ಗೋಡೆಗೆ ಒರಗಿತ್ತು. ಕುಳಿಯೊಂದೂ ಹೋಗಿರಲಿಲ್ಲ.

“ಕಲಿ ಇರಲಿ ಬಿಡ್ರಿ,” ಅಪ್ಪನ ದನಿ ಇಳಿದಿತ್ತು. “ಕಣ್ಣಷ್ಟು ಮುಗಿಸಿ ಕೊಡ್ರಿ.”

ಮಾಸ್ತರರು ಉಗುರಿನ ಬಣ್ಣ ಒರೆಸುತ್ತ ಕೂತರು. “ಯಾರನ್ನ ನೋಡಿ ಬರೀಲ್ರಿ? ನೋಡದ ಬರಿಯಾಕ ನನಗ ಬರೂದಿಲ್ಲ. ಇದ್ದಂಗ ಒಯ್ರಿ.”

“ಬೆಳಕಿಲ್ಲದ ಕಣ್ಣು ಗ್ವಾಡಿಗೆ ಹೆಂಗ ಹಾಕಲಿ?”

ಬರಿಗೈಯಲ್ಲಿ ಇಳಿದು ಬಂದೆವು. ಅಪ್ಪ ಆಮೇಲೆ ಬೇರೊಬ್ಬರಿಗೆ ಬಾಯಿಂದ ವರ್ಣಿಸಿ ಒಂದು ಚಿತ್ರ ಬರೆಸಿದರು. ನುಣ್ಣಗಿನ ಗಲ್ಲ, ಹೊಳೆಯುವ ಕಣ್ಣು. ಬೀಗರು ಛಲೋ ಐತಿ ಅನ್ನುತ್ತಾರೆ. ಅಪ್ಪ ಮಾತ್ರ ಅದರ ಕಡೆ ಬೆನ್ನು ಮಾಡಿ ಊಟಕ್ಕೆ ಕೂಡುತ್ತಾರೆ.

ಹೋದ ವರ್ಷ ಮಾಸ್ತರರೂ ತೀರಿಕೊಂಡರು. ನಮಗೆ ಸುದ್ದಿ ತಡವಾಗಿ ಮುಟ್ಟಿತು. ಕೋಣೆಗೆ ಹೋದಾಗ ಬಾಗಿಲ ಚೌಕಟ್ಟಿನ ಮೇಲೆ ಹೆಬ್ಬೆರಳು ಒರೆಸಿದ ಬಣ್ಣಗಳಷ್ಟೇ ಇದ್ದವು. ಸಾಮಾನನ್ನೆಲ್ಲ ಬೆಳಗಾವಿ ಕಡೆಯ ಸಂಬಂಧಿಕರು ಗಾಡಿಯಲ್ಲಿ ಹೇರಿಕೊಂಡು ಹೋದರೆಂದು ಮನೆಯ ಯಜಮಾನರು ಹೇಳಿದರು. ಸಂಬಂಧಿಕರ ಹೆಸರು ಅವರಿಗೂ ತಿಳಿಯದು.

ಓದುಗರಲ್ಲಿ ಯಾರಾದರೂ ಆ ಚಿತ್ರವನ್ನು ಕಂಡಿದ್ದರೆ ಈ ಮಾಸಿಕಕ್ಕೆ ಬರೆದು ತಿಳಿಸಿ, ನನಗೆ ಮುಟ್ಟುತ್ತದೆ. ಸೆರಗು ಹೊದ್ದ ಮುದುಕಿ, ಮಡಿಲಲ್ಲಿ ಅರಳೆ, ಬೆರಳಲ್ಲಿ ಅರ್ಧ ಹೊಸೆದ ಬತ್ತಿ, ಗಲ್ಲದ ತುಂಬ ಸಿಡುಬಿನ ಕಲೆ. ಕಣ್ಣಲ್ಲಿ ಹೊಳಪಿಲ್ಲ. ಯಾರ ಮನೆಯಲ್ಲೇ ಇರಲಿ, ದಯವಿಟ್ಟು ಅದನ್ನು ಯಾರಿಂದಲೂ ತಿದ್ದಿಸಬೇಡಿ. ಇದ್ದಂತೆಯೇ ತರುತ್ತೇನೆ ಎಂದು ಅಪ್ಪ ಈಗ ಅನ್ನುತ್ತಾರೆ.