ಅಂತರಸಂತೆಯ ಹಡಗಿನ ಎಂಜಿನ್

ಕಳೆದ ಮಂಗಳವಾರ ಮಟಮಟ ಮಧ್ಯಾಹ್ನ ನಾನು ಒಂದು ತಗಡಿನ ಶೆಡ್ಡಿನೊಳಗೆ ಕೂತು ನನ್ನ ಬೆರಳನ್ನು ಮೂಸಿ ನೋಡುತ್ತಿದ್ದೆ. ಐವತ್ತು ಗಜ ಆಚೆ, ಬಾವಿಯಲ್ಲಿ, ಒಬ್ಬ ಮನುಷ್ಯ ಎದೆಮಟ್ಟ ನೀರಿನಲ್ಲಿ ನಿಂತಿದ್ದ. ಅವನ ಕಾಲು ಬಂಡೆಯ ಕೆಳಗೆ ಸಿಕ್ಕಿತ್ತು. ನೀರು ಏರುತ್ತಿತ್ತು.

ನನ್ನ ಬೆರಳಿಗೆ ಯಾವ ವಾಸನೆಯೂ ಇರಲಿಲ್ಲ. ಇರಬೇಕಾಗಿತ್ತು.

ಕ್ರಮವಾಗಿ ಹೇಳುತ್ತೇನೆ. ಆ ದಿನದಿಂದ ಈಚೆಗೆ ಯಾವುದನ್ನೂ ಅವಸರದಲ್ಲಿ ಹೇಳಲು ನನಗೆ ಧೈರ್ಯವಾಗುತ್ತಿಲ್ಲ.

ಈ ಅಂಕಣ ಓದುವವರಿಗೆ ಗೊತ್ತು, ಬರೆಯುವುದಕ್ಕೆ ಮೊದಲು ನಾನು ಮೈಸೂರಿನ ಒಂದು ವರ್ಕ್‌ಷಾಪಿನಲ್ಲಿ ಎಂಟು ವರ್ಷ ಎಂಜಿನ್ ಬಿಚ್ಚಿ ಜೋಡಿಸುತ್ತಿದ್ದೆ. (ಬರೆಯುವುದಕ್ಕಿಂತ ಅದನ್ನೇ ಚೆನ್ನಾಗಿ ಮಾಡುತ್ತಿದ್ದೆ ಎನ್ನುವವರೂ ಇದ್ದಾರೆ.) ಆ ಗುರುತಿನ ಮೇಲೆ ಅಂತರಸಂತೆಯ ಸ್ನೇಹಿತರು ಚೆನ್ನೇಗೌಡರು ಹೇಳಿಕಳಿಸಿದ್ದರು. ತಮ್ಮ ಹಡಗಿನ ಎಂಜಿನ್ ಇನ್ನೂ ಬದುಕಿದೆಯೇ ಸತ್ತಿದೆಯೇ, ಒಂದು ಸಲ ನೋಡಿ ಹೋಗಬೇಕಂತೆ.

ಕಾಡಿನ ಅಂಚಿನ ಊರಿಗೂ ಹಡಗಿಗೂ ಎಲ್ಲಿಯ ನಂಟು ಎಂದು ಕೇಳುತ್ತೀರಲ್ಲವೇ? ಕರಾವಳಿಯಲ್ಲಿ ಒಡೆದು ಮಾರಿದ ಯಾವುದೋ ಹಡಗಿನದು ಅದು. ಹಡಗನ್ನು ಓಡಿಸಿದ್ದಲ್ಲ, ಹಡಗಿಗೆ ದೀಪ ಕೊಟ್ಟಿದ್ದು. ಒಂದು ಡೀಸೆಲ್ ಎಂಜಿನ್, ಅದರ ಬೆನ್ನಿಗೊಂದು ಡೈನಮೋ. ಗೌಡರು ಅದನ್ನು ಗಾಡಿಯಲ್ಲಿ ಹೇರಿಸಿಕೊಂಡು ಬಾವಲಿ ದಾರಿಯಾಗಿ ತಂದಿದ್ದರು. ಅದರ ಕರೆಂಟಿನಿಂದ ಬಾವಿಯ ಪಂಪು ಓಡಿಸಿ ಎಲೆತೋಟ ಬೆಳೆಸಿದ್ದರು. ಎಂಜಿನ್ ನಡೆಸುತ್ತಿದ್ದವನು ಮಾದೇವ. ಎಂಟು ತಿಂಗಳ ಹಿಂದೆ ಅವನು ಜ್ವರದಲ್ಲಿ ತೀರಿಕೊಂಡ. ಯುದ್ಧದ ದೆಸೆಯಿಂದ ಎಣ್ಣೆಯೂ ಸಿಗದಾಯಿತು. ಅಂದಿನಿಂದ ಎಂಜಿನ್ ನಿಂತೇ ಇತ್ತು.

ನಾನು ಹೋದ ದಿನ ತಿಮ್ಮಯ್ಯ ಎಂಬ ಬಾವಿ ತೋಡುವವನು ಬಾವಿಯ ತಳ ಇಳಿಸುತ್ತಿದ್ದ. ನಾವು ಉಂಡು ಕೈ ತೊಳೆಯುವ ಹೊತ್ತಿಗೆ ಕೂಗು ಕೇಳಿಸಿತು. ಬದಿಯ ಬಂಡೆ ಜಾರಿ ಅವನ ಒಂದು ಕಾಲಿನ ಮೇಲೆ ಮೊಣಕಾಲಿನವರೆಗೆ ಕೂತಿತ್ತು. ಬಂಡೆ ಸರಿದ ಜಾಗದಲ್ಲಿ ನೀರಿನ ಹೊಸ ಊಟೆ ಒಡೆದಿತ್ತು. ಹಾರೆ ಹಾಕೋಣವೆಂದರೆ ಸಂದು ನೀರಿನ ಅಡಿಯಲ್ಲಿ. ಕಪಿಲೆಗೆ ಎತ್ತು ಕಟ್ಟಿ ನೀರೆತ್ತಲು ಶುರುಮಾಡಿದರು. ಎತ್ತಿದ್ದಕ್ಕಿಂತ ಬರುತ್ತಿದ್ದದ್ದೇ ಹೆಚ್ಚು. ಸೊಂಟಕ್ಕಿದ್ದ ನೀರು ನೋಡನೋಡುತ್ತಲೇ ಒಂದು ಗೇಣು ಏರಿತು.

ಉಳಿದದ್ದು ಪಂಪು. ಪಂಪಿಗೆ ಬೇಕಾದದ್ದು ಆ ಎಂಜಿನ್.

ಶೆಡ್ಡಿಗೆ ಓಡಿದೆವು. ಒಳಗೆ ಹೋದವರು ಗೌಡರು, ನಾನು ಇಬ್ಬರೇ. ಆಳುಗಳು ಬಾಗಿಲಲ್ಲೇ ನಿಂತರು. ಏಕೆಂದು ಕೇಳಿದೆ. ಗೌಡರು ನೆಲ ನೋಡುತ್ತಾ ಹೇಳಿದರು: "ಮಧ್ಯಾನದೊತ್ತು ಮಾದೇವ ಬಂದು ಚಕ್ರ ತಿರುಗಿಸ್ತಾನೆ ಅಂತಾರೆ ಕಣಪ್ಪ. ನಾನು ನಂಬಿರ್ಲಿಲ್ಲ. ಒಂದ್ಸಲ ಈ ಕಡೆ ಬಂದಾಗ ನಾನೂ ಕೇಳ್ದೆ. ಉಸಿರು ಬುಟ್ಟಂಗೆ ಸದ್ದು."

ನಗುವ ಹೊತ್ತಲ್ಲ. ನಾನು ಎಂಜಿನ್ನಿನ ಪಕ್ಕದ ದೊಡ್ಡ ಚಕ್ರ ನೋಡಿದೆ. ಎಂಟು ತಿಂಗಳು ನಿಂತ ಕಬ್ಬಿಣ. ಸುತ್ತಲೂ ತುಕ್ಕು ಹಿಡಿದಿತ್ತು. ಅಂಚಿನಲ್ಲಿ ಒಂದು ಅಂಗೈ ಅಗಲದ ಜಾಗ ಮಾತ್ರ ಫಳಫಳ ಹೊಳೆಯುತ್ತಿತ್ತು. ಯಾವುದೋ ಕೈ ದಿನವೂ ಹಿಡಿದ ಹಾಗೆ.

ಚಕ್ರ ತಿರುಗಿಸಿದೆ. ತುಕ್ಕಿಗೆ ಬಿಗಿಯಾಗಿ ಹಿಡಿದುಕೊಂಡಿರಬೇಕಾಗಿದ್ದ ಎಂಜಿನ್ ನಿನ್ನೆ ಓಡಿದ ಹಾಗೆ ಸಲೀಸಾಗಿ ತಿರುಗಿತು.

ಇಷ್ಟಕ್ಕೇ ನನ್ನ ಬೆನ್ನು ತಣ್ಣಗಾಯಿತು. ಆದರೂ ಕಲಿತ ಕೈ ತನ್ನ ಕೆಲಸ ಬಿಡುವುದಿಲ್ಲ. ಮೊದಲು ಕೀಲೆಣ್ಣೆ ನೋಡಿದೆ, ಸಾಕಷ್ಟಿತ್ತು. ಎಂಜಿನ್ ತಣಿಸುವ ನೀರಿನ ದಾರಿಯ ಮುಚ್ಚಳ ಬಿಚ್ಚಿದೆ. ಒಳಗೆ ಬಿಳಿ ಉಪ್ಪಿನ ಹಕ್ಕಳೆ, ಅದರಲ್ಲಿ ಕಡಲೆಕಾಳಿನಷ್ಟು ಒಂದು ಕಪ್ಪೆಚಿಪ್ಪು. ಸಮುದ್ರದ ವಾಸನೆ ಗಮ್ಮೆಂದು ಬಂತು. ಈ ಊರಿನಲ್ಲಿ ಎಷ್ಟು ಜನ ಸಮುದ್ರ ನೋಡಿದ್ದಾರು? ಹಕ್ಕಳೆ ಕೆರೆದು ತೆಗೆದು, ತಣಿಸುವ ತೊಟ್ಟಿಗೆ ನೀರು ತುಂಬಿಸಿದೆವು.

ಆಮೇಲೆ ಗೋಡೆಯ ಮೇಲಿನ ಎಣ್ಣೆ ತೊಟ್ಟಿಯ ಮುಚ್ಚಳ ತೆಗೆದೆ.

ಕಂಠಮಟ್ಟ ತುಂಬಿತ್ತು.

ಗೌಡರು ಇಣುಕಿ ನೋಡಿ ಹಿಂದೆ ಸರಿದರು. ಮಾದೇವ ಸಾಯುವಾಗ ತೊಟ್ಟಿಯಲ್ಲಿ ಕಾಲು ಭಾಗವೂ ಇರಲಿಲ್ಲವಂತೆ. ಆಮೇಲೆ ಮೈಸೂರು, ಹುಣಸೂರು ಎಲ್ಲ ಕಡೆ ಹುಡುಕಿಸಿದರೂ ಒಂದು ಡಬ್ಬ ಎಣ್ಣೆ ಸಿಕ್ಕಿರಲಿಲ್ಲವಂತೆ. ಹಾಗಾದರೆ ತುಂಬಿದವರು ಯಾರು?

ಬಲಗೈ ಬೆರಳು ಅದ್ದಿದೆ. ಎಣ್ಣೆಯೇ. ಸರಿ, ಯಾರು ತುಂಬಿದರೆ ನಮಗೇನು ಎಂದು ಹ್ಯಾಂಡಲ್ ಹಾಕಿ ತಿರುಗಿಸಿದೆವು. ಹತ್ತು ಸಲ, ಇಪ್ಪತ್ತು ಸಲ. ಎಂಜಿನ್ ಒಮ್ಮೆಯೂ ಕೆಮ್ಮಲಿಲ್ಲ. ಹೊಗೆ ಕೊಳವೆಯಿಂದ ಒಂದೆಳೆ ಹೊಗೆಯೂ ಬರಲಿಲ್ಲ. ಹೊಗೆ ಇಲ್ಲವೆಂದರೆ ಒಳಗೆ ಎಣ್ಣೆ ಹೋಗುತ್ತಿಲ್ಲ ಎಂದು ಅರ್ಥ. ಎಂಜಿನ್ನಿಗೆ ಎಣ್ಣೆ ಒಯ್ಯುವ ಸಣ್ಣ ಪೈಪಿನ ನಟ್ಟು ಸಡಿಲಿಸಿ ಮತ್ತೆ ತಿರುಗಿಸಿದೆ. ಚಿಳ್ ಎಂದು ಚಿಮ್ಮಿತು. ಎಣ್ಣೆ ಬರುತ್ತಿದೆಯಲ್ಲ!

ಬಾವಿಯ ಕಡೆಯಿಂದ ಯಾರೋ ಕೂಗಿ ಹೇಳಿದರು, ನೀರು ಎದೆಗೆ ಬಂತೆಂದು.

ಆಗಲೇ ನಾನು, ಪೈಪಿನಿಂದ ಚಿಮ್ಮಿದ್ದನ್ನು ಎಡಗೈ ಬೆರಳಿಗೆ ಹಿಡಿದು ಮೂಸಿದ್ದು. ಚಿಮ್ಮಿದ್ದರಲ್ಲೇ ಬಟ್ಟೆಯ ಚೂರನ್ನು ಅದ್ದಿ ಕಡ್ಡಿ ಗೀರಿದೆ. ಬಟ್ಟೆ ಚುಸ್ ಎಂದಿತು, ಹೊತ್ತಲಿಲ್ಲ.

ನೀರು. ಮೇಲೆ ತೇಲುತ್ತಿದ್ದದ್ದು ಎಣ್ಣೆ, ಕೆಳಗಿದ್ದದ್ದೆಲ್ಲ ನೀರು. ಪೈಪು ಇರುವುದು ತೊಟ್ಟಿಯ ಬುಡದಲ್ಲಿ.

"ನಾನೇ ಸೋಮಿ ಉಯ್ದಿದ್ದು."

ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ಮಾದೇವನ ಹೆಂಡತಿ ಸಿದ್ದಮ್ಮ ಎಂದು ಗೌಡರು ಹೇಳಿದರು. ಗಂಡ ಸಾಯುವ ಮುಂಚೆ ಅವಳಿಗೆ ಒಂದು ಮಾತು ಹೇಳಿದ್ದನಂತೆ. ಎಂಜಿನ್ ನಿಂತರೂ ಚಕ್ರ ಮಾತ್ರ ತಿರುಗಿಸುತ್ತಿರು, ಇಲ್ಲದಿದ್ದರೆ ಒಳಗೆ ಹಿಡಿದುಕೊಳ್ಳುತ್ತದೆ ಎಂದು. ಅವಳು ದಿನವೂ ಮಧ್ಯಾಹ್ನ ಎಲ್ಲರೂ ಉಂಡು ಅಡ್ಡಾಗುವ ಹೊತ್ತಿಗೆ ಬಂದು ತಿರುಗಿಸಿ ಹೋಗುತ್ತಿದ್ದಳು. ಗೌಡರು ಕೇಳಿದ ಉಸಿರು, ಅವಳು ತಿರುಗಿಸುವಾಗ ಎಂಜಿನ್ ಹೊರಗೆ ಬಿಟ್ಟ ಗಾಳಿ. ನೀರಿನ ಮಾತನ್ನು ಮಾತ್ರ ಗಂಡ ಹೇಳಿರಲಿಲ್ಲ. ಅದು ಅವಳದೇ ಯೋಚನೆ.

"ಯಜಮಾನ ಇಲ್ದಾಗ ಪಾತ್ರೆ ಬರಿದಾಗಿಕ್ಕಬಾರ್ದಲ್ಲ ಸೋಮಿ. ಶುಕ್ರವಾರಕ್ಕೊಂದು ಚೊಂಬು ಉಯ್ತಿದ್ದೆ."

ನಿಮ್ಮ ಮನೆಯಲ್ಲೂ ಖಾಲಿ ಕೊಡ ಇಡುವುದಿಲ್ಲ ತಾನೇ? ನಮ್ಮ ಮನೆಯಲ್ಲೂ ಇಡುವುದಿಲ್ಲ. ಅವಳ ಒಂದು ಕೈ ಎಂಜಿನ್ನನ್ನು ಉಳಿಸಿತ್ತು, ಇನ್ನೊಂದು ಕೈ ಅದರ ಕತ್ತು ಹಿಸುಕಿತ್ತು. ಎರಡೂ ಒಂದೇ ಶ್ರದ್ಧೆಯಿಂದ.

ಎಂಜಿನ್ನಿಗೆ ನೀರು ಬಿದ್ದರೆ ಓಡುವುದಿಲ್ಲ ತಾಯಿ ಎಂದೆ. ಗಟ್ಟಿಯಾಗಿಯೇ ಹೇಳಿರಬೇಕು. ಅವಳು ಬಾವಿಯ ಕಡೆ ನೋಡಿದಳು. ಅಳಲಿಲ್ಲ. ಒಳಗೆ ಬಂದು ತೊಟ್ಟಿಯ ಬುಡದ ಬಿರಟೆಯನ್ನು ಅವಳೇ ತಿರುಚಿ ತೆಗೆದಳು. ನೀರು ಶೆಡ್ಡಿನ ನೆಲವೆಲ್ಲ ಹರಿಯಿತು. ಹರಿಯುತ್ತಲೇ ಇತ್ತು. ಕಡೆಗೆ ಧಾರೆ ಕಪ್ಪಾಗಿ ಎಣ್ಣೆ ಕಂಡಾಗ ಬಿರಟೆ ಒತ್ತಿದಳು. ನಾನು ಎಣ್ಣೆ ಸೋಸುವ ಬಟ್ಟೆಯನ್ನು ಹಿಂಡಿ ಮತ್ತೆ ಹಾಕಿದೆ. ಪೈಪಿನಲ್ಲಿದ್ದ ನೀರು, ಗಾಳಿ ಎರಡನ್ನೂ ಹೊರಗೆ ಬಿಟ್ಟೆ. ಗಾಳಿ ಎಳೆದುಕೊಳ್ಳುವ ಬಾಯಿಯ ಮುಂದೆ ಉರಿಯುವ ಬಟ್ಟೆ ಹಿಡಿಯಲು ಗೌಡರಿಗೆ ಹೇಳಿದೆ, ಒಳಗೆ ಸ್ವಲ್ಪ ಬೆಚ್ಚಗಾಗಲಿ ಎಂದು.

ಎಂಜಿನ್ನಿನ ನೆತ್ತಿಯಲ್ಲಿ ಒಂದು ಹಿಡಿ ಇದೆ. ಅದನ್ನು ಎತ್ತಿ ಹಿಡಿದರೆ ಚಕ್ರ ಹಗುರಾಗಿ ತಿರುಗುತ್ತದೆ. ವೇಗ ಬಂದ ಗಳಿಗೆಯಲ್ಲಿ ಬಿಡಬೇಕು. ನಾನು ಹೇಳುವ ಮುಂಚೆಯೇ ಸಿದ್ದಮ್ಮ ಅದನ್ನು ಹಿಡಿದಿದ್ದಳು. "ಅವ್ರ ಜತೆ ನಾನೇ ಇಡೀತಿದ್ದೆ," ಎಂದಳು.

ಬಾವಿಯ ಕಡೆ ಕೂಗು ನಿಂತಿತ್ತು. ಅದು ಕೂಗಿಗಿಂತ ಕೆಟ್ಟದ್ದಾಗಿತ್ತು.

ಮೊದಲ ಸಲ ಏನೂ ಇಲ್ಲ. ಎರಡನೆಯ ಸಲ ಬಿಳಿ ಹೊಗೆ. ಮೂರನೆಯ ಸಲ ಅವಳು ಹಿಡಿ ಬಿಟ್ಟಳು, ನೆಲ ಅದುರಿತು. ದಡ್. ದಡ್ ದಡ್. ಡೈನಮೋ ಎದ್ದಿತು. ಮೂಲೆಯಲ್ಲಿ ತೂಗುತ್ತಿದ್ದ ಹಡಗಿನ ಹಳೆಯ ಬಲ್ಬು ಹಗಲಿನಲ್ಲೇ ಕೆಂಪಗೆ ಹೊತ್ತಿಕೊಂಡಿತು. ಹೊರಗೆ ಪಂಪು ನೀರು ಕಾರಲು ಶುರುಮಾಡಿತು.

ನನ್ನ ಗಡಿಯಾರ ನೋಡಿಕೊಂಡೆ. ಶೆಡ್ಡಿನೊಳಗೆ ಕಾಲಿಟ್ಟು ಒಂದು ಗಂಟೆ ಐದು ನಿಮಿಷವಾಗಿತ್ತು. ಈ ಲೆಕ್ಕ ನೆನಪಿಟ್ಟುಕೊಳ್ಳಿ.

ನೀರು ತಿಮ್ಮಯ್ಯನ ಗದ್ದ ಮುಟ್ಟಿ ಅಲ್ಲಿಂದ ಇಳಿಯಿತಂತೆ. ಅರ್ಧ ಗಂಟೆಗೆ ಸಂದು ಕಂಡಿತು, ಹಾರೆ ಹೋಯಿತು, ಅವನನ್ನು ಎತ್ತಿದರು. ಕಾಲು ಮುರಿದಿದೆ, ಜೀವ ಇದೆ. ಸರಗೂರಿಗೆ ಕರೆದೊಯ್ಯಲು ಗಾಡಿ ಹೂಡುವವರೆಗೆ ಅವನನ್ನು ಚಾಪೆಯ ಮೇಲೆ ಮಲಗಿಸಿದ್ದರು. ಗೌಡರು ಬಗ್ಗಿ, ಬಲು ಗಟ್ಟಿ ಗುಂಡಿಗೆ ಕಣಯ್ಯ ನಿಂದು ಎಂದರು.

ತಿಮ್ಮಯ್ಯ ತಲೆ ಆಡಿಸಿದ. "ನಂದೇನಿಲ್ಲ ಬುದ್ದಿ. ಇಂಜಿನ್ನು ಸದ್ದು ಕೇಳ್ತಿತ್ತಲ್ಲ, ಅದೇ ಧೈರ್ಯ. ಕಾಲು ಸಿಕ್ಕಾಕಂಡ ಗಳಿಗೆಯಿಂದ್ಲೂ ಓಡ್ತಾನೇ ಇತ್ತಲ್ಲ."

ಆ ಒಂದು ಗಂಟೆ ಐದು ನಿಮಿಷ ಎಂಜಿನ್ ಸತ್ತೇ ಇತ್ತು. ಗೌಡರು ನನ್ನ ಮುಖ ನೋಡಿದರು. ಸಿದ್ದಮ್ಮ ಚಾಪೆಯ ಪಕ್ಕ ಕೂತಳು.

"ಎಂಗಿತ್ತಪ್ಪ ಸದ್ದು?"

"ನಿಧಾನಕ್ಕೆ ಕಣವ್ವ. ಒಂದೇ ಸಮಕ್ಕೆ. ಕೊನೆಗೆ ನೀವು ಜೋರು ಮಾಡಿದ್ರಲ್ಲ, ಆಗ್ಲೇ ಅದು ಜೋರಾಗಿದ್ದು."

"ಅವ್ರು ಅಂಗೇ ಓಡಿಸ್ತಿದ್ದುದು," ಎಂದಳು ಸಿದ್ದಮ್ಮ. "ನಿಧಾನಕ್ಕೆ."

ನನಗೆ ಕಾರಣ ಗೊತ್ತು. ಪ್ರಾಣಭಯದಲ್ಲಿ ಕಿವಿಯೊಳಗೆ ರಕ್ತವೇ ದಡದಡ ಎನ್ನುತ್ತದೆ. ಬಾವಿಯ ಗೋಡೆಯಲ್ಲಿ ಕಪಿಲೆಯ ಗಾಲಿಯ ಸದ್ದೂ ಹಾಗೆ ಮೊಳಗಬಹುದು. ಹೀಗೆ ನಾನು ಮೂರು ದಿನದಿಂದ ನನಗೇ ಹೇಳಿಕೊಳ್ಳುತ್ತಿದ್ದೇನೆ.

ನೀರಿನ ವಿಷಯದಲ್ಲಿ ಆ ಹೆಂಗಸಿಗೆ ಅವಳ ತಪ್ಪನ್ನು ಮುಖಕ್ಕೇ ಹೇಳಿದವನು ನಾನು. ಸದ್ದಿನ ಈ ಕಾರಣವನ್ನು ಹೇಳಲು ಮಾತ್ರ ಬಾಯಿ ಬರಲಿಲ್ಲ. ನೀವಾಗಿದ್ದರೆ ಹೇಳುತ್ತಿದ್ದಿರಾ?